ಅಜ್ಜಿ ಇಷ್ಟು ದಪ್ಪ ಇರಲಿಲ್ಲ

"ಇದು ನಮ್ಮಜ್ಜಿ ಅಲ್ಲ," ಅಂದಳು ಮಾಲ್‌ಸುನ್, ಹುಲ್ಲು ಕೊಯ್ಯುವ ಮೆಷಿನ್ ಆಫ್ ಮಾಡಿ.

ಸಮಾಧಿ ದಿಬ್ಬದ ಅರ್ಧ ಆಗಷ್ಟೇ ಬೋಳಾಗಿತ್ತು. ಇನ್ನರ್ಧದ ಮೇಲೆ ಮೊಣಕಾಲುದ್ದ ಹುಲ್ಲು ಹಾಗೇ ನಿಂತಿತ್ತು. ಅರ್ಧ ಕ್ಷೌರಕ್ಕೆ ಅಂಗಡಿಯಿಂದ ಎದ್ದು ಬಂದವನ ತಲೆಯ ಹಾಗೆ ಕಾಣುತ್ತಿತ್ತು ದಿಬ್ಬ. ಹಿರಿಯರ ಸಮಾಧಿಗಳಿಗೆ ಎಡೆಯಿಡುವ ಚೂಸೊಕ್ ಹಬ್ಬಕ್ಕೆ ಇನ್ನು ಎರಡು ವಾರ. ಯೊಂಗ್‌ಜು ಊರಿನ ಸುತ್ತಲ ಬೆಟ್ಟಗಳಲ್ಲೆಲ್ಲ ಇಂಥ ಮೆಷಿನ್‌ಗಳು ಬೆಳಗಿನಿಂದ ಕಣಜದ ಹಾಗೆ ಗುಂಯ್‌ಗುಡುತ್ತಿದ್ದವು. ಮೆಷಿನ್‌ಗಳ ನಡುವೆ ನಿಜವಾದ ಕಣಜಗಳೂ ಇದ್ದವು.

"ಏನಂದೆ?" ಅಂದ ಕಿಹ್ವಾನ್. ಅವನು ಮಡಚುವ ಕುರ್ಚಿಯಲ್ಲಿ ಕೂತು ಇಡೀ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದ.

"ಅಜ್ಜಿ ಅಲ್ಲ ಅಂದೆ ಅಣ್ಣ. ಹಿಂದ್ಗಡೆ ಸುತ್ತಿ ಬಂದೆ. ಅಜ್ಜಿ ತಲೆ ಹತ್ರ ಸೀಳುಬಂಡೆ ಇತ್ತು. ಇಲ್ಲಿ ಒಂದು ಕಲ್ಲೂ ಇಲ್ಲ."

"ನಲವತ್ತು ವರ್ಷ ಆದ್ಮೇಲೆ ಬಂದಿದೀಯ. ಬಂಡೆ ಉರುಳ್ಕೊಂಡು ಹೋಗಿರುತ್ತೆ."

"ಬಂಡೆ ಉರುಳಿದ್ರೆ ಇಳಿಜಾರಲ್ಲಿ ಕೆಳಗೆ ಉರುಳ್ಬೇಕು. ಅಜ್ಜಿ ಮೇಲೇ ಉರುಳ್ಬೇಕಿತ್ತು."

ಕಿಹ್ವಾನ್ ಅವಳ ದೊಡ್ಡಪ್ಪನ ಮಗ. ಎಪ್ಪತ್ತೆರಡು ವರ್ಷ. ಹಿರಿಮಗನ ಹಿರಿಮಗನಾದ್ದರಿಂದ ವಂಶವೃಕ್ಷದ ತುತ್ತತುದಿಯಲ್ಲಿ ಕೂತಿದ್ದ. ತುದಿಯಲ್ಲಿ ಕೂತವರಿಗೆ ಬೇರು ಕಾಣದು ಅನ್ನುವುದು ಬೇರೆ ಮಾತು. ಯಾವುದೋ ಕಚೇರಿಯಲ್ಲಿ ಮೂವತ್ತು ವರ್ಷ ಮೊಹರು ಒತ್ತಿ ನಿವೃತ್ತನಾದ ಮೇಲೆ ಹಿರಿಯ ನಾಗರಿಕರ ಕೇಂದ್ರದಲ್ಲಿ 'ನಮ್ಮ ಇತಿಹಾಸ, ನಮ್ಮ ಸಂಸ್ಕೃತಿ' ಅನ್ನುವ ಹನ್ನೆರಡು ವಾರದ ತರಗತಿಗೆ ಸೇರಿದ್ದ. ಏಳು ವಾರ ಹೋಗಿದ್ದ. ಉಳಿದ ಐದು ವಾರದ ಪಾಠವನ್ನು ಟೀವಿಯಲ್ಲಿ ಬರುವ ರಾಜರಾಣಿಯರ ಧಾರಾವಾಹಿಗಳು ತುಂಬಿಕೊಟ್ಟಿದ್ದವು. ತರಗತಿಯ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಸಿಟ್ಟಿದ್ದ. ತಲೆಗೂ ಅದೇ ಅಂಗಡಿಯಲ್ಲಿ ಹೊದಿಸಿಕೊಂಡಿರಬೇಕು, ಆಮೇಲೆ ಹೊಸದೊಂದು ಹನಿಯೂ ಒಳಗೆ ಇಳಿದಿರಲಿಲ್ಲ.

ಮಾಲ್‌ಸುನ್‌ಗೆ ಅರವತ್ನಾಲ್ಕು. ಆ ತಲೆಮಾರಿನ ಗಂಡುಮಕ್ಕಳ ಹೆಸರೆಲ್ಲ 'ಹ್ವಾನ್' ಅಂತಲೇ ಮುಗಿಯಬೇಕೆಂದು ಮನೆತನದ ಪುಸ್ತಕದಲ್ಲಿ ಕಟ್ಟಳೆ ಇತ್ತು. ಹೆಣ್ಣುಮಕ್ಕಳಿಗೆ ಕಟ್ಟಳೆಯೂ ಇಲ್ಲ, ಪುಸ್ತಕವೂ ಇಲ್ಲ. ಮೂರನೆಯದೂ ಹೆಣ್ಣಾದಾಗ ಅಪ್ಪ ಬೇಸತ್ತು ಮಾಲ್‌ಸುನ್, ಅಂದರೆ ಕಡೇ ಹುಡುಗಿ, ಅಂತ ಹೆಸರಿಟ್ಟ. ಹೆಸರು ಫಲಿಸಿತು. ಮುಂದಿನದು ಗಂಡಾಯಿತು, ಇನ್‌ಹ್ವಾನ್ ಆಯಿತು. ಆ ಇನ್‌ಹ್ವಾನ್‌ನ ಮಂಡಿಗೆ ಈಗ ಆಪರೇಷನ್ ಆಗಿದೆ. ಪ್ರತಿವರ್ಷ ಮೆಷಿನ್ ಹೊತ್ತು ಬರುತ್ತಿದ್ದವನು ಅವನೇ. ಅವನ ಬದಲಿಗೆ ಈ ಸಲ ಅಕ್ಕ ಬಂದಿದ್ದಳು. ಸೇಬಿನ ತೋಟದಲ್ಲಿ ಮೂವತ್ತು ವರ್ಷದಿಂದ ಇದೇ ಮೆಷಿನ್ ಹಿಡಿದ ಕೈ ಅವಳದು.

ಆಸ್ಪತ್ರೆಯ ಮಂಚದ ಮೇಲಿಂದ ಇನ್‌ಹ್ವಾನ್ ಒಂದು ಮಾತು ಹೇಳಿದ್ದ: "ಅಕ್ಕಾ, ನಮ್ಮಜ್ಜಿ ಅಷ್ಟು ದಪ್ಪ ಇದ್ಲಾ? ಆ ದಿಬ್ಬ ನೋಡಿದಾಗೆಲ್ಲ ನಂಗೆ ಅನುಮಾನ." ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಈಗ ನಗು ಬರಲಿಲ್ಲ.

"ಅಣ್ಣ, ಅಜ್ಜನ ಸಮಾಧಿ ಮೇಲ್ಗಡೆ ಅಲ್ಲೇ ಇದೆ, ಸರಿ. ಆದ್ರೆ ಅಜ್ಜೀದು ಈ ಕಡೆ ಅಲ್ಲ. ಹಳ್ಳ ದಾಟಿ ಆ ಕಡೆ."

"ಯಾವ ಹಳ್ಳ?"

"ಆ ಕಲ್ಲು ಬಿದ್ದಿದೆ ನೋಡು, ಅದೇ ಹಳ್ಳ. ಗುಡ್ಡ ಜರಿದ ವರ್ಷ ನೀರು ಬೇರೆ ಕಡೆ ತಿರುಗಿರ್ಬೇಕು."

ಕಿಹ್ವಾನ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿದ. ತರಗತಿಯ ಏಳೂ ವಾರಗಳು ಅವನ ಮುಖಕ್ಕೆ ಬಂದವು. "ನೋಡಮ್ಮ. ಗಂಡನನ್ನ ಈ ದಡದಲ್ಲಿಟ್ಟು ಹೆಂಡತೀನ ಆ ದಡದಲ್ಲಿ ಮಣ್ಣು ಮಾಡೋದು ಅಂದ್ರೆ, ಐನೂರು ವರ್ಷದ ಜೊಸನ್ ರಾಜ್ಯದಲ್ಲಿ ಅಂಥಾದ್ದು ನಡೆದೇ ಇಲ್ಲ."

"ಅಜ್ಜಿ ಸತ್ತಿದ್ದು ಎಪ್ಪತ್ನಾಲ್ಕನೇ ಇಸವೀಲಿ ಅಣ್ಣ. ಜೊಸನ್ ಅವಳಿಗಿಂತ ಅರವತ್ತು ವರ್ಷ ಮುಂಚೆನೇ ಸತ್ತಿತ್ತು."

"ಪದ್ಧತಿ ಸಾಯಲ್ಲ."

"ಆ ವರ್ಷ ಈ ದಿಕ್ಕು ಆಗಲ್ಲ ಅಂದ ಸಮಾಧಿಗೆ ಜಾಗ ನೋಡಿ ಹೇಳೋನು. ಅಜ್ಜ ಒಪ್ಕೊಂಡ. ನೀನು ಮಿಲಿಟರೀಲಿದ್ದೆ, ನಾನು ಅಲ್ಲೇ ಇದ್ದೆ. ಹದಿನಾಲ್ಕು ವರ್ಷ ನಂಗೆ."

"ಹೆಂಗಸ್ರು ಬೆಟ್ಟಕ್ಕೆ ಬರ್ತಿರಲಿಲ್ಲ."

"ನಾನು ಹಿಂದೆ ಹಿಂದೆ ಕದ್ದು ಬಂದಿದ್ದೆ."

ಕಿಹ್ವಾನ್ ತಮ್ಮನ ಕಡೆ ನೋಡಿ, ಕೇಳಿಸ್ಕೊಂಡ್ಯಾ ಅನ್ನುವ ಹಾಗೆ ಹುಬ್ಬೇರಿಸಿದ. ಅವನ ಪ್ರಕಾರ ಕದ್ದು ನೋಡಿದ್ದು ಸಾಕ್ಷಿ ಆಗದು.

ತಮ್ಮ ಸಾಂಗ್‌ಹ್ವಾನ್ ಊಟದ ಡಬ್ಬಿಯೊಂದರ ಮುಚ್ಚಳ ಬಿಗಿ ಮಾಡಿದ. ಅವನು ಡಬ್ಬಿಗಳ ಪಕ್ಕ ಕೂತಿದ್ದ. ಅರವತ್ತರ ಗಂಡಸು, ಮನೆತನದಲ್ಲಿ ಶಾಂತಿದೂತ ಅಂತ ಹೆಸರಾದವನು. ಅವನಿಗೆ ಶಾಂತಿ ಅಂದರೆ ಊಟ ತಡವಾಗದೆ ಇರುವುದು. ಡಬ್ಬಿಯಲ್ಲಿ ಕಿಂಬಾಪ್ ಅನ್ನುವ ಅನ್ನದ ಸುರುಳಿ ಇತ್ತು, ಹುರಿದ ಮಾಂಸ ಇತ್ತು, ಎಡೆಗೆ ತಂದ ಒಣಮೀನು, ಖರ್ಜೂರ, ಚೆಸ್ಟ್‌ನಟ್ ಇದ್ದವು. ಅವನ ಕಣ್ಣು ಅವುಗಳ ಕಾವಲಿಗಿತ್ತು.

ಅಜ್ಜಿ ಹೋದ ಮೇಲೆ ಅಜ್ಜ ಬದುಕಿದ್ದ ಒಂಬತ್ತು ವರ್ಷವೂ ಮಾಲ್‌ಸುನ್ ಅವನ ಜೊತೆ ಆ ದಡಕ್ಕೆ ಹೋಗಿದ್ದಳು. ಅಣ್ಣತಮ್ಮಂದಿರೆಲ್ಲ ಓದಲಿಕ್ಕೆ ಡೇಗು ಪಟ್ಟಣದಲ್ಲಿದ್ದರು. ಅಜ್ಜ ಕುಡುಗೋಲಿನಿಂದ ಕೊಯ್ಯುತ್ತಿದ್ದ, ಇವಳು ಕೊಯ್ದ ಹುಲ್ಲನ್ನು ಕುಂಟೆಯಿಂದ ಎಳೆದು ಗುಡ್ಡೆ ಮಾಡುತ್ತಿದ್ದಳು. ಕೆಲಸ ಮುಗಿದ ಮೇಲೆ ಅಜ್ಜ ಕುಡುಗೋಲನ್ನು ಪಕ್ಕದ ಪೈನ್ ಮರದ ಕವೆಗೆ ಸಿಕ್ಕಿಸಿ, "ಇರ್ಲಿ, ಬರೋ ವರ್ಷಕ್ಕೆ ಬೇಕಲ್ಲ," ಅನ್ನುತ್ತಿದ್ದ. ಕಡೆಯ ಸಲ ಸಿಕ್ಕಿಸಿ ಬಂದ ಮೇಲೆ ಅವನಿಗೆ ಬರೋ ವರ್ಷ ಬರಲಿಲ್ಲ. ಅವಳಿಗೆ ಮದುವೆಯಾಯಿತು. ಮದುವೆಯಾದ ಹೆಣ್ಣು ತವರಿಗೆ ಹೊರಗಿನವಳು. ಅಲ್ಲಿಂದಾಚೆ ಅವಳು ಕೊಯ್ದ ಹುಲ್ಲೆಲ್ಲ ಗಂಡನ ಕಡೆಯವರ ಅಜ್ಜಿಯರ ಮೇಲಿನದು.

"ಬಾ ಅಣ್ಣ, ಹತ್ತು ನಿಮಿಷ. ಹಳ್ಳ ದಾಟಿ ನೋಡ್ಕೊಂಡು ಬರೋಣ. ಪೈನ್ ಮರದಲ್ಲಿ ಅಜ್ಜನ ಕುಡುಗೋಲು ಇದೆ."

"ಅಲ್ಲಿ ಮುಳ್ಳು ನೋಡು. ಹಾವು ಬೇರೆ. ಹೋದ ವರ್ಷ ಪಕ್ಕದ ಬೆಟ್ಟದಲ್ಲಿ ಕಣಜ ಕಚ್ಚಿ ಒಬ್ಬ ಹೋದ."

"ಸಾಂಗ್‌ಹ್ವಾನ್, ನೀನು ಬಾ."

"ಅಕ್ಕ," ಅಂದ ಸಾಂಗ್‌ಹ್ವಾನ್ ಡಬ್ಬಿಯ ಮುಚ್ಚಳ ಸವರುತ್ತ, "ಅಜ್ಜಿ ಎಲ್ಲಿದ್ರೂ ಅಜ್ಜೀನೇ. ನಮ್ಮ ಭಕ್ತಿ ಅವಳಿಗೆ ಮುಟ್ಟುತ್ತೆ ಬಿಡು."

"ಪೋಸ್ಟಿನವನು ಪಕ್ಕದ್ಮನೆಗೆ ಕಾಗದ ಹಾಕಿದ್ರೆ ನಿಂಗೆ ಮುಟ್ಟುತ್ತಾ?"

ಸಾಂಗ್‌ಹ್ವಾನ್ ಯೋಚಿಸಿದ. "ಪಕ್ಕದ್ಮನೆಯವರು ಒಳ್ಳೆಯವರಾಗಿದ್ರೆ," ಅಂದ.

ಅವಳೊಬ್ಬಳೇ ಹೋಗಿ ಹುಡುಕಬಹುದಿತ್ತು. ಆದರೆ ಹನ್ನೊಂದು ಗಂಟೆಗೆ ಕಲ್ಲು ಬರುವುದಿತ್ತು. ಈ ವರ್ಷ ಅಜ್ಜಿಯ ಸಮಾಧಿಗೆ ಕೆತ್ತಿದ ಕಲ್ಲು ನಿಲ್ಲಿಸಬೇಕೆಂದು ಕಿಹ್ವಾನ್ ತೀರ್ಮಾನ ಮಾಡಿದ್ದ. ಕಲ್ಲುಕುಟಿಗ ಬೇ ಅದನ್ನು ಹೊತ್ತು ತರುತ್ತಿದ್ದ. ಒಂದು ಸಲ ಸಿಮೆಂಟು ಕೂತರೆ ಮುಗಿಯಿತು. ಮುಂದೆ ಬರುವ ಮಕ್ಕಳು ಮೊಮ್ಮಕ್ಕಳು ಕಲ್ಲು ನೋಡಿ ಇಲ್ಲೇ ಹುಲ್ಲು ಕೊಯ್ಯುತ್ತಾರೆ, ಇಲ್ಲೇ ಅಡ್ಡಬೀಳುತ್ತಾರೆ. ಆ ದಡದವಳನ್ನು ಯಾರೂ ಹುಡುಕುವುದಿಲ್ಲ. ಮಾಲ್‌ಸುನ್ ಹೋದರೆ ಇವರು ಕಲ್ಲು ನೆಡುತ್ತಾರೆ, ಇದ್ದರೆ ಅಜ್ಜಿ ಸಿಗುವುದಿಲ್ಲ. ಅವಳು ಹಲ್ಲು ಕಚ್ಚಿಕೊಂಡು ನಿಂತಳು.

"ಇಷ್ಟು ದೊಡ್ಡ ದಿಬ್ಬ ನೋಡಿ ಆದ್ರೂ ಗೊತ್ತಾಗ್ಬೇಡ್ವಾ ಅಣ್ಣ? ಅಜ್ಜಿ ಎಷ್ಟಿದ್ಲು? ನನ್ನ ಭುಜಕ್ಕೆ ಬರ್ತಿದ್ಲು, ಅದೂ ನಾನು ಹದಿನಾಲ್ಕರವಳಾಗಿದ್ದಾಗ."

ಕಿಹ್ವಾನ್ ಇದಕ್ಕೇ ಕಾದಿದ್ದವನ ಹಾಗೆ ಎದ್ದು ನಿಂತ. "ದಿಬ್ಬದ ಅಳತೆ ದೇಹದ ಮೇಲೆ ಹೋಗಲ್ಲ ಕಣೆ, ದರ್ಜೆ ಮೇಲೆ ಹೋಗುತ್ತೆ. ನಮ್ಮ ವಂಶದಲ್ಲಿ ಏಳು ತಲೆ ಹಿಂದೆ ಮೂರನೇ ದರ್ಜೆಯ ಅಧಿಕಾರಿ ಇದ್ರು. ಆಸ್ಥಾನದಲ್ಲಿ ರಾಜನ ಎದುರು ಕೂರೋ ದರ್ಜೆ. ಯಾವ ರಾಜ ಅಂದ್ರೆ..." ಅಂತ ಇಪ್ಪತ್ತೇಳು ರಾಜರ ಮೊದಲಕ್ಷರಗಳನ್ನು ಶಾಲೆ ಮಕ್ಕಳ ಹಾಗೆ ರಾಗವಾಗಿ ಗುನುಗತೊಡಗಿದ. ಹದಿನೈದನೆಯವನ ಹತ್ತಿರ ಎಡವಿದ. ಮತ್ತೆ ಮೊದಲಿನಿಂದ ಶುರುಮಾಡಿದ.

"ಅಜ್ಜಿ ಅಧಿಕಾರಿ ಅಲ್ಲ ಅಣ್ಣ. ಸಂತೇಲಿ ಮೂಲಂಗಿ ಮಾರ್ತಿದ್ಲು."

"ಅದನ್ನೆಲ್ಲ ಕಲ್ಲುಕುಟಿಗನ ಮುಂದೆ ಹೇಳ್ಬೇಡ."

ಮೂಲಂಗಿಯ ಬುಟ್ಟಿ ತಲೆ ಮೇಲೆ ಹೊತ್ತು ಎಂಟು ಮೈಲಿ ನಡೆದು ಹೋಗಿ ಬಂದವಳು, ಬಂದವಳೇ ಒಲೆ ಮುಂದೆ ಕೂತು ಎಲ್ಲರಿಗೂ ಅನ್ನ ಬಡಿಸುತ್ತಿದ್ದಳು. ಗಂಡುಹುಡುಗರ ಬಟ್ಟಲಲ್ಲಿ ಗೋಪುರ, ಅಜ್ಜನದರಲ್ಲಿ ಗುಡ್ಡ. ಮೊಮ್ಮಗಳಿಗೆ ಬಟ್ಟಲ ಅಂಚಿನವರೆಗೆ. ಕಡೆಗೆ ತನ್ನ ಬಟ್ಟಲಿಗೆ ತಳ ಕೆರೆದು ಒಂದು ಸಣ್ಣ ಗುಪ್ಪೆ. ಆ ಗುಪ್ಪೆಯಿಂದಲೂ ಒಂದು ಚಮಚ ಯಾರೂ ನೋಡದ ಹೊತ್ತಲ್ಲಿ ಮಾಲ್‌ಸುನ್ ಬಟ್ಟಲಿಗೆ ದಾಟುತ್ತಿತ್ತು. ಅಮ್ಮ ಹೊಲಕ್ಕೆ, ಅಪ್ಪ ಹೊರಗೆ. ಇವಳನ್ನು ಸಾಕಿದ್ದು ಆ ಚಮಚ. ಕಿಹ್ವಾನ್‌ನ ಇತಿಹಾಸದಲ್ಲಿ ಇದು ಯಾವ ವಾರದ ಪಾಠದಲ್ಲೂ ಬಂದಿರಲಿಲ್ಲ.

ಕೆಳಗಿನ ತಿರುವಿನಲ್ಲಿ ಡಬಡಬ ಸದ್ದಾಯಿತು. ರಬ್ಬರ್ ಪಟ್ಟಿಯ ಮೇಲೆ ಓಡುವ ಸಣ್ಣ ಸಾಗಣೆ ಗಾಡಿಯನ್ನು ನಡೆಸಿಕೊಂಡು ಬೇ ಬಂದ. ಗಾಡಿಯ ಮೇಲೆ ಹಳೆ ಕಂಬಳಿಯಲ್ಲಿ ಸುತ್ತಿದ ಕಲ್ಲು, ನೆಗಡಿಯಾದವರ ಹಾಗೆ ಮಲಗಿತ್ತು. ಬೇ ಕಂಬಳಿ ಸರಿಸಿ ತೋರಿಸಿದ. ಕಪ್ಪು ಕಲ್ಲು, ಅಂದವಾದ ಅಕ್ಷರ: ನಾಮ್ ಮನೆತನದ ಇಂಥವನ ಪತ್ನಿ, ಇಮ್ ಮನೆತನದ ಗೃಹಿಣಿ.

"ಅಜ್ಜಿ ಹೆಸರು?" ಅಂದಳು ಮಾಲ್‌ಸುನ್.

"ಹೆಂಗಸ್ರ ಹೆಸರು ಕಲ್ಲಿಗೆ ಹಾಕಲ್ಲ. ಅವರ ತಂದೆ ಮನೆತನ ಹಾಕ್ತಾರೆ. ಸಂಸ್ಕೃತಿ," ಅಂದ ಕಿಹ್ವಾನ್.

"ಹೆಸರೂ ಅವಳದಲ್ಲ, ಜಾಗವೂ ಅವಳದಲ್ಲ. ಮತ್ತೆ ಅವಳದ್ದೇನಿದೆ ಇದರಲ್ಲಿ?"

"ಎಲ್ಲಿ ಅಗೀಲಿ ಯಜಮಾನ್ರೇ?" ಅಂದ ಬೇ, ಹಾರೆ ಹಿಡಿದು.

ಕಿಹ್ವಾನ್ ದಿಬ್ಬದ ಮುಂದಿನ ಬಲಮೂಲೆ ತೋರಿಸಿದ. ಬೇ ಹಾರೆ ಎತ್ತುವಷ್ಟರಲ್ಲಿ ಮಾಲ್‌ಸುನ್ ಹೋಗಿ ಅದೇ ಜಾಗದಲ್ಲಿ ಕೂತುಬಿಟ್ಟಳು. ಮೊಣಕಾಲಿಗೆ ಕಟ್ಟಿದ ರಕ್ಷಾಪಟ್ಟಿ, ಮುಖಕ್ಕೆ ಜಾಲರಿ, ಮಡಿಲಲ್ಲಿ ಮೆಷಿನ್. ಯಾವುದೋ ದೇವತೆ ಆಯುಧ ಸಮೇತ ಅವತರಿಸಿದಂತಿತ್ತು.

"ಅಮ್ಮಾವ್ರೇ," ಅಂದ ಬೇ ಮೆಲ್ಲಗೆ, "ಇನ್ನೂ ಎರಡು ಬೆಟ್ಟಕ್ಕೆ ಹೋಗೋದಿದೆ ನಾನು."

"ಇದು ನಮ್ಮಜ್ಜಿ ಅಲ್ಲ ಕಣಪ್ಪ."

ಬೇ ಹಾರೆಯನ್ನು ನೆಲಕ್ಕೂರಿ ಅದರ ಮೇಲೆ ಗದ್ದ ಇಟ್ಟ. ಇಂಥ ಮನೆಗಳನ್ನು ಅವನು ನೂರು ನೋಡಿದ್ದ. "ಸಿಮೆಂಟು ಹಾಕಿದ್ಮೇಲೆ ಕೀಳಕ್ಕಾಗಲ್ಲ. ಮೊದ್ಲು ನೀವು ನೀವು ಒಂದು ಮಾತಿಗೆ ಬನ್ನಿ."

"ಇನ್‌ಹ್ವಾನ್‌ಗೆ ಫೋನ್ ಮಾಡ್ತೀನಿ," ಅಂದಳು ಮಾಲ್‌ಸುನ್. "ಅವನಿಗೂ ಅನುಮಾನ ಇದೆ. ಎಲ್ರೂ ಕೇಳಿಸ್ಕೊಳ್ಳಿ." ಸ್ಪೀಕರ್ ಹಾಕಿ ಫೋನನ್ನು ಹುಲ್ಲಿನ ಮೇಲಿಟ್ಟಳು.

"ಹಾಂ ಅಕ್ಕಾ, ಮುಗೀತಾ?"

"ಇನ್‌ಹ್ವಾನ್, ಆ ದಿನ ನಂಗೆ ಏನಂದೆ ನೀನು, ದಿಬ್ಬದ ವಿಷಯ? ಜೋರಾಗಿ ಹೇಳು. ಅಣ್ಣ ಇಲ್ಲೇ ಇದಾರೆ."

ಫೋನಿನಲ್ಲಿ ಆಸ್ಪತ್ರೆಯ ಟೀವಿಯ ಸದ್ದು ಮಾತ್ರ ಕೇಳಿಸಿತು. ಆಮೇಲೆ, "ಅಣ್ಣ ಅಲ್ಲೇ ಇದಾರಾ?" ಅಂದ. "ನಮಸ್ಕಾರ ಅಣ್ಣ. ಬಿಸಿಲು ಜಾಸ್ತಿ ಇದೆಯಾ? ನೀವೆಲ್ಲ ಕಷ್ಟಪಡ್ತಿದೀರಿ, ನಾನಿಲ್ಲಿ ಮಲಗಿದೀನಿ."

"ದಿಬ್ಬದ ವಿಷಯ," ಅಂದಳು ಮಾಲ್‌ಸುನ್.

"ಅದು... ದಿಬ್ಬ ಅಂದ್ರೆ ಈಗ, ದೊಡ್ಡದೂ ಹೌದು. ಆದ್ರೆ ಮಣ್ಣು ಅಂದ್ಮೇಲೆ ಉಬ್ಬುತ್ತಲ್ಲ ಅಕ್ಕ. ಅಣ್ಣ ಹೇಗೆ ಹೇಳ್ತಾರೋ ಹಾಗೆ ಮಾಡಿ. ಅವರಿಗೆ ಇತಿಹಾಸ ಗೊತ್ತು. ನರ್ಸ್ ಬಂದ್ರು, ಇಡ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರೆ ಎರಡು ಕಡೆಯೂ ಒಂದಿಷ್ಟು ಬೆಳಕಾದರೂ ಬೀಳುತ್ತಿತ್ತು. ಇವನು ದೀಪವನ್ನೇ ಊದಿಬಿಟ್ಟ. ಮಾಲ್‌ಸುನ್ ಫೋನನ್ನು ದುರುಗುಟ್ಟಿ ನೋಡಿದಳು. ಈ ತಮ್ಮ ಹುಟ್ಟಲಿ ಅಂತಲೇ ತಾನೆ ತನಗೆ ಈ ಹೆಸರಿಟ್ಟಿದ್ದು.

ಕಿಹ್ವಾನ್ ಗೆದ್ದಿದ್ದ. ಗೆದ್ದವನು ಸುಮ್ಮನಿರಬಹುದಿತ್ತು. "ನೋಡು ಮಾಲ್‌ಸುನ್," ಅಂದ, ದನಿಯಲ್ಲಿ ಬೆಣ್ಣೆ ಹಚ್ಚಿ. "ನೀನು ಮದುವೆ ಆಗಿ ಹೋದವಳು. ಬಂದು ಹುಲ್ಲು ಕೊಯ್ದೆ, ಸಂತೋಷ. ಆದ್ರೆ ಇದು ನಿನ್ನ ಮನೆ ಸಮಾಧಿ ಅಲ್ಲ. ತೀರ್ಮಾನ ಮನೆಯವರದು."

ಸಾಂಗ್‌ಹ್ವಾನ್ ಡಬ್ಬಿಯ ಮುಚ್ಚಳದ ಮೇಲಿನ ಚಿತ್ರ ನೋಡತೊಡಗಿದ. ಬೇ ಬೇರೆ ಬೆಟ್ಟ ನೋಡಿದ.

ಮಾಲ್‌ಸುನ್ ಎದ್ದಳು. ಮೆಷಿನ್ ಚಾಲೂ ಮಾಡಿ ದಿಬ್ಬದ ಉಳಿದ ಅರ್ಧವನ್ನೂ ಕೊಯ್ದಳು. ಯಾರಾದರೂ ಇರಲಿ, ಅರ್ಧ ತಲೆಯಲ್ಲಿ ಹಬ್ಬಕ್ಕೆ ಬಿಡಬಾರದು. ಕೊಯ್ಯುವಾಗ ಕಣ್ಣು ಉರಿಯುತ್ತಿತ್ತು. ಜಾಲರಿಯೊಳಗೆ ಕೈ ಹಾಕಿ ಒರೆಸಿಕೊಳ್ಳಲಿಕ್ಕೂ ಆಗುತ್ತಿರಲಿಲ್ಲ. ಕುಂಟೆ ತಗೊಂಡು ಹುಲ್ಲನ್ನು ಎಷ್ಟು ಸಿಟ್ಟಿನಿಂದ ಎಳೆದಳೆಂದರೆ ಕುಂಟೆಯ ಒಂದು ಹಲ್ಲು ಮುರಿಯಿತು.

ಅಷ್ಟರಲ್ಲಿ ಕಿಹ್ವಾನ್ ಚಾಪೆ ಹಾಸಿ ಎಡೆ ಇಟ್ಟಿದ್ದ. ಕಲ್ಲು ನೆಡುವ ಮುಂಚೆ ಅಜ್ಜಿಗೆ ತಿಳಿಸಬೇಕಲ್ಲ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ ಅಂತ ಹೇಳುತ್ತ ಎರಡನ್ನೂ ತಿರುವುಮುರುವಾಗಿ ಇಟ್ಟ. ಲೋಟದಲ್ಲಿ ಸೋಜು ಸಾರಾಯಿ ಹುಯ್ದು ಮೂರು ಸಲ ಸುರಿದ. ಅಣ್ಣತಮ್ಮಂದಿರು ಎರಡೆರಡು ಸಲ ನೆಲಕ್ಕೆ ಹಣೆಯಿಟ್ಟರು. "ಅಜ್ಜೀ, ನಿಮ್ಮ ಮೊಮ್ಮಕ್ಕಳು ಬಂದಿದೀವಿ," ಅಂದ ಕಿಹ್ವಾನ್ ಗದ್ಗದವಾಗಿ. ಅದರಲ್ಲಿ ನಾಟಕ ಇರಲಿಲ್ಲ. ಅದೇ ಮಾಲ್‌ಸುನ್‌ಗೆ ಇನ್ನೂ ಹೆಚ್ಚು ಉರಿಸಿತು. ಪ್ರೀತಿ ನಿಜ, ವಿಳಾಸ ಸುಳ್ಳು.

ಹಣೆ ಇನ್ನೂ ನೆಲದ ಮೇಲಿರುವಾಗಲೇ ಹಿಂದಿನಿಂದ ಯಾರೋ ಅಂದರು: "ಓ, ಈ ವರ್ಷ ಸಿಕ್ಕಿಬಿದ್ರಿ."

ಹಳದಿ ಜಾಕೀಟಿನ ನಲವತ್ತರ ಗಂಡಸು. ಹೆಗಲ ಮೇಲೆ ಮೆಷಿನ್, ಕೈಯಲ್ಲಿ ಫೋನು. ಊರಿಂದ ಬರಲಾಗದವರ ಪರವಾಗಿ ಸಮಾಧಿ ಹುಲ್ಲು ಕೊಯ್ದು ಫೋಟೋ ಕಳಿಸುವ ಕೆಲಸದವನು. ಅವನು ಬಾಗಿ ಬಾಗಿ ನಮಸ್ಕಾರ ಮಾಡಿದ.

"ಹನ್ನೊಂದು ವರ್ಷದಿಂದ ನೋಡ್ತಿದೀನಿ ಸಾರ್. ನಾನು ಬರೋ ಹೊತ್ತಿಗೆ ಯಾರೋ ಪುಣ್ಯಾತ್ಮರು ಕೊಯ್ದು ಹೋಗಿರ್ತಾರೆ. ಕಲ್ಲು ಹೆಕ್ಕಿ ಫೋಟೋ ತೆಗೆದು ಕಳಿಸ್ತಿದ್ದೆ. ಈ ಸಲ ಕೆಲಸ ಜಾಸ್ತಿ ಅಂತ ಬೇಗ ಬಂದೆ. ನೀವೇನಾ? ಪ್ಯೋ ಅವರಿಗೆ ಏನಾಗ್ಬೇಕು?"

"ಯಾವ ಪ್ಯೋ?" ಅಂದ ಕಿಹ್ವಾನ್, ಅರ್ಧ ಎದ್ದ ಭಂಗಿಯಲ್ಲೇ.

"ಇದು ಉಲ್ಸಾನ್‌ನ ಪ್ಯೋ ಅವರ ತಾತಂದು ಸಾರ್." ಅವನು ಫೋನ್ ತೋರಿಸಿದ. ನಕ್ಷೆಯ ಮೇಲೆ ಸಮಾಧಿಯ ಕೆಂಪು ಚುಕ್ಕೆ, ಅವನು ನಿಂತ ಜಾಗದ ನೀಲಿ ಚುಕ್ಕೆ. ಎರಡೂ ಒಂದರ ಮೇಲೊಂದು ಕೂತಿದ್ದವು.

"ನಕ್ಷೆ ತಪ್ಪಿರುತ್ತೆ. ನಕ್ಷೆ ಬರೋಕೆ ಮುಂಚೆ ನಮ್ಮ ಹಿರಿಯರು ಎಡಗಡೆ ಬೆಟ್ಟದಲ್ಲಿ ನೀಲಿ ಡ್ರ್ಯಾಗನ್, ಬಲಗಡೆ ಬೆಟ್ಟದಲ್ಲಿ ಬಿಳಿ ಹುಲಿ ನೋಡಿ ಜಾಗ..."

"ಗುರುತಿನ ಕಲ್ಲೂ ಇದೆಯಂತೆ ಸಾರ್. ಮುಂದುಗಡೆ ಬಲಮೂಲೇಲಿ, ಮಣ್ಣಲ್ಲಿ ಹೂತಿದೆ ಅಂತ ಪ್ಯೋ ಅವರು ಹೇಳಿದ್ರು."

ಬೇ ಒಂದು ಮಾತೂ ಆಡದೆ ಮಾಲ್‌ಸುನ್ ಕೂತಿದ್ದ ಜಾಗಕ್ಕೆ ಹೋಗಿ ಹಾರೆಯಿಂದ ಚುಚ್ಚಿದ. ಟಣ್ ಅಂತು. ಬೂಟಿನ ಹಿಮ್ಮಡಿಯಿಂದ ಮಣ್ಣು ಕೆರೆದ, ಬಗ್ಗಿ ಊದಿದ. ಅಂಗೈ ಅಗಲದ ಕಲ್ಲು. ದಿನವಿಡೀ ಅಕ್ಷರ ಕೆತ್ತುವವನಿಗೆ ಓದಲು ಹೊತ್ತು ಬೇಕಾಗಲಿಲ್ಲ.

"ಪ್ಯೋ," ಅಂದ. "ನೀವು ನಾಮ್ ಅಲ್ವಾ ಯಜಮಾನ್ರೇ?"

ಬೆಟ್ಟಗಳ ಮೆಷಿನ್‌ಗಳೆಲ್ಲ ಒಟ್ಟಿಗೇ ನಿಂತ ಹಾಗಾಯಿತು.

"ತಾತ ಅಂದ್ಯಲ್ಲಪ್ಪ," ಅಂದ ಸಾಂಗ್‌ಹ್ವಾನ್ ನಿಧಾನವಾಗಿ. "ಅಂದ್ರೆ ಇದರೊಳಗಿರೋದು ಗಂಡಸಾ?"

"ಹೌದು ಸಾರ್. ಎತ್ತಿನ ದಲ್ಲಾಳಿ ಆಗಿದ್ರಂತೆ. ಭಾರಿ ಆಳು, ಹೆಣ ಹೊರೋಕೆ ನಾಲ್ಕು ಜನ ಜಾಸ್ತಿ ಹಾಕಿದ್ರಂತೆ."

ಹನ್ನೊಂದು ವರ್ಷ ಅವರು ಒಬ್ಬ ಎತ್ತಿನ ದಲ್ಲಾಳಿಯನ್ನು ಅಜ್ಜೀ ಅಂತ ಕರೆದು ಕಣ್ಣೀರಿಟ್ಟಿದ್ದರು. ಅವನೂ ಪಾಪ, ಇಲ್ಲ ಅನ್ನದೆ ಸೋಜು ತಗೊಂಡಿದ್ದ. ಮಾಲ್‌ಸುನ್‌ಗೆ ನಗು ಬರಬೇಕಿತ್ತು. ಅವಳು ಹಳ್ಳದ ಆ ದಡ ನೋಡಿದಳು.

ಕಿಹ್ವಾನ್ ಚಾಪೆಯ ಮೇಲೆ ಕೂತ. ಮುಖ ಒಂದು ಕ್ಷಣ ಖಾಲಿಯಾಗಿತ್ತು. ಆಮೇಲೆ ಏಳು ವಾರಗಳಲ್ಲಿ ಯಾವುದೋ ಒಂದು ನೆರವಿಗೆ ಬಂತು. "ಇದೇನು ಹೊಸದಲ್ಲ," ಅಂದ. "ಜೊಸನ್ ಕಾಲದಲ್ಲಿ ರಾಜರ ಸಮಾಧಿಗಳನ್ನೇ ಎತ್ತಿ ಬೇರೆ ಕಡೆ ಇಟ್ಟಿದ್ದುಂಟು. ಇತಿಹಾಸದಲ್ಲಿ ಇಂಥಾವು..."

"ಅಣ್ಣ," ಅಂದಳು ಮಾಲ್‌ಸುನ್. "ಏಳು. ಆ ದಡಕ್ಕೆ ಹೋಗೋಣ."

"ನನ್ನ ಗಾಡಿ ಆ ಕಲ್ಲುಗಳ ಮೇಲೆ ಹತ್ತಲ್ಲ," ಅಂದ ಬೇ. "ದಾರಿ ಮಾಡಿ ಕರೀರಿ, ಇನ್ನೊಂದಿನ ಬರ್ತೀನಿ. ಕಲ್ಲು ಇಲ್ಲೇ ದಾರಿ ಪಕ್ಕ ಇಳಿಸಿ ಹೋಗ್ತೀನಿ."

"ಅಕ್ಕ, ಹನ್ನೆರಡೂವರೆ," ಅಂದ ಸಾಂಗ್‌ಹ್ವಾನ್. "ಊಟ ಮಾಡ್ಕೊಂಡು ಯೋಚನೆ ಮಾಡೋಣ. ಮಾಂಸ ಆರ್ತಿದೆ. ಎಡೆ ಹೇಗೂ ಇಟ್ಟಾಗಿದೆ."

"ಬರೋ ವರ್ಷ ಸರಿಯಾಗಿ ಪ್ಲಾನ್ ಮಾಡ್ಕೊಂಡು..." ಅಂತ ಶುರುಮಾಡಿದ ಕಿಹ್ವಾನ್.

ಬರೋ ವರ್ಷ. ಮಾಲ್‌ಸುನ್ ಅವರಿಬ್ಬರನ್ನೂ ನೋಡಿದಳು. ಮೆಷಿನ್ ಹೆಗಲಿಗೇರಿಸಿ, ಪೆಟ್ರೋಲ್ ಬಾಟಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಳ್ಳಕ್ಕಿಳಿದಳು.

ಹಳ್ಳದ ಆಚೆ ದಾರಿ ಅನ್ನುವುದೇ ಇರಲಿಲ್ಲ. ಕಾಡುಬಳ್ಳಿ ಹಬ್ಬಿ, ಗಿಡ ಯಾವುದು ನೆಲ ಯಾವುದು ತಿಳಿಯದ ಹಾಗೆ ಹೊದ್ದು ಮಲಗಿತ್ತು. ಮೆಷಿನ್ ಅಲಗಿಗೆ ಬಳ್ಳಿ ಸುತ್ತಿಕೊಂಡು ನಾಲ್ಕು ಸಲ ಬಂದಾಯಿತು. ನಾಲ್ಕು ಸಲವೂ ಬಿಚ್ಚಿ, ಬೈದು, ಮತ್ತೆ ಹಗ್ಗ ಎಳೆದಳು. ಒಂದು ಕಡೆ ಹೋಗಿ ಅಲ್ಲ ಅಂತ ವಾಪಸ್ಸಾದಳು. ಇನ್ನೊಂದು ಕಡೆ ಬಂಡೆ ಸಿಕ್ಕಿತು, ಸೀಳಿರಲಿಲ್ಲ. ಅಣ್ಣನ ಮಾತೇ ನಿಜವಿರಬಹುದೇ, ನಲವತ್ತು ವರ್ಷದಲ್ಲಿ ತಾನೇ ಒಂದು ಬೆಟ್ಟ ಕಟ್ಟಿಕೊಂಡಿದ್ದೇನೆಯೇ ಅನ್ನಿಸಿತು. ಹಿಂದೆ ಆ ದಡದಿಂದ ಹುರಿದ ಮಾಂಸದ ವಾಸನೆ ಬರುತ್ತಿತ್ತು.

ಪೈನ್ ಮರವನ್ನು ಅವಳು ಕಣ್ಣಿಂದ ಕಂಡದ್ದಲ್ಲ. ಬೆವರೊರೆಸಲು ಒರಗಿದ ಕಾಂಡದಲ್ಲಿ ಭುಜಕ್ಕೆ ಏನೋ ಒತ್ತಿತು. ತಿರುಗಿದರೆ, ಕವೆಯ ತೊಗಟೆಯೊಳಗಿಂದ ಕುಡುಗೋಲಿನ ತುದಿ ಎರಡು ಬೆರಳಷ್ಟು ಹೊರಗಿತ್ತು. ಉಳಿದದ್ದನ್ನು ಮರ ನುಂಗಿತ್ತು. ಹಿಡಿ ಕೊಳೆತು ಹೋಗಿತ್ತು.

ಅದರ ಎದುರಿಗೆ ಬಳ್ಳಿಯ ಒಂದು ಉಬ್ಬು, ಹಿಂದೆ ಎರಡಾಗಿ ಸೀಳಿದ ಬಂಡೆ.

ಅವಳು ಮೊಣಕಾಲೂರಿ ಬಳ್ಳಿಯ ಬುಡ ಹುಡುಕುತ್ತಿದ್ದಾಗ ಹಿಂದೆ ಕಡ್ಡಿಗಳು ಮುರಿದವು. ಕಿಹ್ವಾನ್. ಪ್ಯಾಂಟಿನ ತುಂಬ ಮುಳ್ಳು, ಕೆನ್ನೆಯ ಮೇಲೆ ಗೀರು, ಒಂದು ಕೈಯಲ್ಲಿ ಸೋಜು ಬಾಟಲಿ. ಅವನು ಕುಡುಗೋಲಿನ ತುದಿಯನ್ನು ನೋಡಿದ. ಬಹಳ ಹೊತ್ತು ನೋಡಿದ.

"ಪ್ರತಿವರ್ಷ ಅಪ್ಪ ಒಬ್ಬನೇ ಈ ಕಡೆ ಬರ್ತಿದ್ದ," ಅಂದ. "ಗಂಟೆಗಟ್ಲೆ. ನಾವೆಲ್ಲ ಅಲ್ಲಿ ಡಬ್ಬಿ ಬಿಚ್ಚಿ ಕಾಯ್ತಿದ್ವಿ. ಹೊಟ್ಟೆ ಸರಿ ಇಲ್ಲ ಅಂದ್ಕೊಂಡಿದ್ದೆ. ಅಪ್ಪ ಹೋದ್ಮೇಲೆ ಅಜ್ಜನ ಕೆಳಗಿನ ದಿಬ್ಬನೇ ಅಜ್ಜೀದು ಅಂತ ನಾನೇ ಹೇಳಿದೆ."

ಮಾಲ್‌ಸುನ್ ಮೆಷಿನ್ ಅಲಗನ್ನು ಬಳ್ಳಿಯ ಬುಡಕ್ಕೆ ಹೊಂದಿಸಿದಳು.

ಕಿಹ್ವಾನ್ ಗಂಟಲು ಸರಿ ಮಾಡಿಕೊಂಡ. ಬೆನ್ನು ನೆಟ್ಟಗಾಯಿತು. "ಆದ್ರೂ ನೋಡು, ಜೊಸನ್ ಕಾಲದಲ್ಲಿ..."

ಅವಳು ಮೆಷಿನ್‌ನ ಹಗ್ಗ ಎಳೆದಳು.

ಸದ್ದಿನೊಳಗೆ ಅವನ ತುಟಿ ಇನ್ನೂ ಸ್ವಲ್ಪ ಹೊತ್ತು ಅಲ್ಲಾಡಿತು. ರಾಜರೆಲ್ಲ ಒಬ್ಬೊಬ್ಬರಾಗಿ ಗಾಳಿಯಲ್ಲಿ ಹೋದರು. ಆಮೇಲೆ ಅವನು ಬಾಟಲಿಯನ್ನು ಬಂಡೆಯ ಸೀಳಿನಲ್ಲಿ ನಿಲ್ಲಿಸಿ, ಬಗ್ಗಿ, ಅವಳು ಕತ್ತರಿಸಿದ ಬಳ್ಳಿಯನ್ನು ಎರಡು ಕೈಯಿಂದ ಹಿಡಿದು ಎಳೆಯತೊಡಗಿದ. ಬಳ್ಳಿ ಬರಲಿಲ್ಲ. ಹಿಮ್ಮಡಿ ಊರಿ ಮತ್ತೆ ಎಳೆದ.

ಒಂದು ಗಂಟೆ ಬೇಕಾಯಿತು. ಮೆಷಿನ್ ನಿಂತಾಗ ಕಿವಿಯೊಳಗೆ ಇನ್ನೂ ಗುಂಯ್ ಅನ್ನುತ್ತಿತ್ತು. ಆ ದಡದಿಂದ ಸಾಂಗ್‌ಹ್ವಾನ್ ಕೂಗಿದ: "ಸಿಕ್ಕಿದ್ಲಾ?"

ಬಳ್ಳಿಯೆಲ್ಲ ಹೋದ ಮೇಲೆ ಉಳಿದದ್ದು ಮೊಣಕಾಲೆತ್ತರವೂ ಇಲ್ಲದ ಮಣ್ಣು. ಒಬ್ಬರು ತಬ್ಬಿದರೆ ತೋಳು ಕೂಡುವಷ್ಟು. ತಳ ಕೆರೆದು ಬಟ್ಟಲಿಗೆ ಹಾಕಿಕೊಂಡ ಒಂದು ಗುಪ್ಪೆ ಅನ್ನದ ಹಾಗಿತ್ತು.